ಪದ್ಮಿನಿಯ ಕಾಯಿಲ್‌ಗೆ 9 ವೋಲ್ಟ್ ಮಾತ್ರ ಬರುತ್ತಿದೆ, ಇದು ಸರಿಯಾ?

ಪದ್ಮಿನಿ86:
ಎಲ್ಲರಿಗೂ ನಮಸ್ಕಾರ. ನಮ್ಮಪ್ಪನ ಕಾಲದ 1986ರ ಪ್ರೀಮಿಯರ್ ಪದ್ಮಿನಿ, ಪ್ಲಗ್‌ಗೆ ಕಿಡಿ ಕೊಡಲು ಹಳೇ ಪಾಯಿಂಟ್-ಕಂಡೆನ್ಸರ್ ಇಗ್ನಿಷನ್ನೇ ಇದೆ. ಬೆಳಗ್ಗೆ ಒಂದೇ ಸೆಲ್ಫಿಗೆ ಸ್ಟಾರ್ಟ್ ಆಗುತ್ತದೆ. ಬಿಸಿಯಾದ ಮೇಲೆ ಶುರು ನೋಡಿ, ಸಿಗ್ನಲ್‌ನಲ್ಲಿ ನಿಂತರೆ ಮಿಸ್ ಹೊಡೆಯುತ್ತದೆ, ಏರಿನಲ್ಲಿ ಎಳೆಯುವುದಿಲ್ಲ, ಆಫ್ ಆದರೆ ತಣ್ಣಗಾಗುವವರೆಗೂ ಕಾಯಬೇಕು. ಮೆಕ್ಯಾನಿಕ್, ಕಿಡಿಗೆ ಬೇಕಾದ ಹೈ ವೋಲ್ಟೇಜ್ ಮಾಡುವ ಕಾಯಿಲ್ ವೀಕ್ ಅಂತ ಹೊಸದು ಹಾಕಿದರು, ಅದೇ ಕಥೆ. ನಾನೇ ಮಲ್ಟಿಮೀಟರ್ ಹಿಡಿದೆ. ಬ್ಯಾಟರಿಯಲ್ಲಿ 12.5. ಕೀ ಆನ್ ಮಾಡಿ ಕಾಯಿಲ್‌ನ ಪ್ಲಸ್‌ನಲ್ಲಿ ನೋಡಿದರೆ ಒಮ್ಮೆ 9, ಇನ್ನೊಮ್ಮೆ 12.5! ಮೀಟರ್ ಕೆಟ್ಟಿದೆಯಾ ಅಥವಾ ಕಾಯಿಲ್ ಮತ್ತೆ ಬದಲಿಸಬೇಕಾ?

ಹಳೇಗಾಡಿ:
ಮೀಟರ್ ಸರಿಯಾಗಿಯೇ ಇದೆ. ಇಂಜಿನ್ ಎಲ್ಲಿ ನಿಂತಿದೆ ನೋಡಿಕೊಂಡು ಪಾಯಿಂಟ್, ಅಂದರೆ ಕಾಯಿಲ್‌ನ ಕರೆಂಟ್ ಕಡಿದು-ಕೂಡಿಸುವ ಸಣ್ಣ ಸ್ವಿಚ್, ತೆರೆದಿರುತ್ತದೆ ಇಲ್ಲವೇ ಮುಚ್ಚಿರುತ್ತದೆ. ತೆರೆದಿದ್ದರೆ ಕಾಯಿಲ್‌ನಲ್ಲಿ ಕರೆಂಟೇ ಹರಿಯುವುದಿಲ್ಲ, ಹರಿಯದಿದ್ದರೆ ದಾರಿಯಲ್ಲಿ ವೋಲ್ಟೇಜ್ ಬೀಳುವುದೂ ಇಲ್ಲ, ಹಾಗಾಗಿ ಕೊಳೆತ ವೈರಿನ ತುದಿಯಲ್ಲೂ ಪೂರ್ತಿ 12.5 ಕಾಣಿಸುತ್ತದೆ. ಆ ರೀಡಿಂಗ್ ನಂಬಬೇಡಿ. ಪಾಯಿಂಟ್ ಮುಚ್ಚಿದಾಗ ಬರುವ 9 ಮಾತ್ರ ಲೆಕ್ಕಕ್ಕೆ.

ಅಂಬಿಪ್ರೇಮಿ:
9 ಸಾಕು ಸರ್, ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ನನ್ನ ಅಂಬಾಸಡರ್‌ನಲ್ಲಿ 7 ಬರುತ್ತದೆ, ಚೆನ್ನಾಗಿ ಓಡುತ್ತಿದೆ. ಹಿಂದಿನ ಓನರ್ ಬೇರೆ ಕಾಯಿಲ್ ಹಾಕಿಸಿದ್ದಾರೆ, ಪಕ್ಕದಲ್ಲಿ ಬಿಳಿ ಪಿಂಗಾಣಿ ತುಂಡೊಂದು ಇದೆ ಅಷ್ಟೇ.

ಹಳೇಗಾಡಿ:
ಆ ಬಿಳಿ ತುಂಡೇ ಕಾಯಿಲ್‌ಗೆ ಹೋಗುವ ವೋಲ್ಟೇಜ್ ಇಳಿಸುವ ಬ್ಯಾಲಾಸ್ಟ್ ರೆಸಿಸ್ಟರ್ ಅಲ್ವಾ! ನಿಮ್ಮದು ಸುಮಾರು 1.5 ಓಮ್‌ನ ಕಾಯಿಲ್, ಅದಕ್ಕೆ 7 ಸರಿ. ರೆಸಿಸ್ಟರ್ ಇಲ್ಲದ ಗಾಡಿಗೆ 3 ಓಮ್‌ನ ಕಾಯಿಲ್ ಬೇಕು, ಅದಕ್ಕೆ ಹೆಚ್ಚುಕಡಿಮೆ ಬ್ಯಾಟರಿಯಷ್ಟೇ ವೋಲ್ಟೇಜ್ ಸಿಗಬೇಕು. 12ರ ಬದಲು 9 ಕೊಟ್ಟರೆ ಕರೆಂಟ್ ಮುಕ್ಕಾಲಾಗುತ್ತದೆ, ಕಾಯಿಲ್‌ನಲ್ಲಿ ತುಂಬುವ ಶಕ್ತಿ ಅರ್ಧದ ಹತ್ತಿರಕ್ಕೆ ಇಳಿಯುತ್ತದೆ. ಬಿಸಿಯಾದಾಗ ತಾಮ್ರದ ತಂತಿಯ ರೆಸಿಸ್ಟೆನ್ಸ್ ಇನ್ನೂ ಏರುತ್ತದೆ, ಕಿಡಿ ಮತ್ತಷ್ಟು ಸಪ್ಪೆ.

ಪದ್ಮಿನಿ86, ಮೊದಲು ಕಾಯಿಲ್‌ನ ವೈರ್‌ಗಳನ್ನು ಬಿಚ್ಚಿ ಪ್ಲಸ್-ಮೈನಸ್ ಮಧ್ಯೆ ಓಮ್ ಅಳೆಯಿರಿ. ಮೆಕ್ಯಾನಿಕ್ ಗೊತ್ತಿಲ್ಲದೆ 1.5ರದ್ದು ಹಾಕಿದ್ದರೆ ಅದು ಹತ್ತಿರ ಹತ್ತಿರ 8 ಆಂಪ್ಸ್ ಎಳೆಯಲು ನೋಡುತ್ತದೆ, ಪಾಯಿಂಟ್ ಸುಡುತ್ತದೆ, ಕಾಯಿಲ್ ಮುಟ್ಟಲಾಗದಷ್ಟು ಕಾಯುತ್ತದೆ. 3 ಓಮ್ ಇದ್ದರೆ ವೈರ್ ವಾಪಸ್ ಹಾಕಿ, ಕೀ ಆನ್ ಮಾಡಿ, ಪಾಯಿಂಟ್ ಮುಚ್ಚಿರುವಾಗ ಮೀಟರ್‌ನ ಕೆಂಪು ತಂತಿ ಬ್ಯಾಟರಿ ಪ್ಲಸ್‌ಗೆ, ಕಪ್ಪು ಕಾಯಿಲ್ ಪ್ಲಸ್‌ಗೆ ಹಿಡಿಯಿರಿ. ದಾರಿಯಲ್ಲಿ ಎಷ್ಟು ಕಳೆದುಹೋಗುತ್ತಿದೆ ಅನ್ನುವುದು ನೇರವಾಗಿ ಕಾಣಿಸುತ್ತದೆ. ಅರ್ಧ ವೋಲ್ಟ್ ಆಸುಪಾಸು ಇದ್ದರೆ ಬಿಡಿ. ಜಾಸ್ತಿ ಇದ್ದರೆ ಕಪ್ಪು ತಂತಿಯನ್ನು ಹಿಂದಕ್ಕೆ ಸರಿಸುತ್ತಾ ಬನ್ನಿ, ಇಗ್ನಿಷನ್ ಸ್ವಿಚ್‌ನಿಂದ ಹೊರಗೆ ಹೋಗುವ ಟರ್ಮಿನಲ್, ಆಮೇಲೆ ಒಳಗೆ ಬರುವ ಟರ್ಮಿನಲ್, ಹೀಗೆ. ಎಲ್ಲಿ ಅಂಕಿ ಧಡಕ್ಕನೆ ಇಳಿಯಿತೋ ಅಲ್ಲೇ ಕಳ್ಳ. ಕಾಯಿಲ್ ಮೈನಸ್‌ನಿಂದ ಬ್ಯಾಟರಿ ಮೈನಸ್‌ಗೂ ನೋಡಿ, ಅಲ್ಲಿ 0.3ಕ್ಕಿಂತ ಜಾಸ್ತಿ ಬಂದರೆ ಪಾಯಿಂಟ್ ಸುಟ್ಟಿದೆ ಅಥವಾ ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಒಳಗಿನ ಸಣ್ಣ ಅರ್ತ್ ವೈರ್ ಹೋಗಿದೆ. ಬೇಗ ಮುಗಿಸಿ, ಪಾಯಿಂಟ್ ಮುಚ್ಚಿಟ್ಟು ಕೀ ಆನ್‌ನಲ್ಲೇ ಬಿಟ್ಟರೆ ಕಾಯಿಲ್ ಸುಮ್ಮನೆ ಸುಡುತ್ತದೆ. ಪ್ಲಗ್ ಕಡೆಯ ದಪ್ಪ ವೈರಿಗೆ ಮಾತ್ರ ಮೀಟರ್ ಇಡಬೇಡಿ, ಅಲ್ಲಿರುವುದು ಸಾವಿರಗಟ್ಟಲೆ ವೋಲ್ಟ್.

ಪದ್ಮಿನಿ86:
ಕಾಯಿಲ್ 3.1 ಓಮ್. ದಾರಿಯಲ್ಲಿ ಒಟ್ಟು 3.4 ಹೋಗುತ್ತಿತ್ತು, ಅದರಲ್ಲಿ 2.7 ಇಗ್ನಿಷನ್ ಸ್ವಿಚ್ ಒಂದರಲ್ಲೇ! ಸ್ವಿಚ್ ಬದಲಿಸಿದೆ, ಈಗ ಕಾಯಿಲ್‌ನಲ್ಲಿ 11.7 ಇದೆ. ಏರಿನಲ್ಲಿ ಚೆನ್ನಾಗಿ ಎಳೆಯುತ್ತಿದೆ. ಆದರೆ ತುಂಬಾ ಬಿಸಿಯಾದಾಗ ಇನ್ನೂ ಒಂದೊಂದು ಮಿಸ್ ಬರುತ್ತದೆ.

ಮೀಟರ್‌ಮಾಮ:
ಕತ್ತಲಲ್ಲಿ ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆಗೆದು ಯಾರನ್ನಾದರೂ ಸೆಲ್ಫ್ ಹೊಡೆಯಲು ಹೇಳಿ ಪಾಯಿಂಟ್ ನೋಡಿ. ನೀಲಿ ಕಿಡಿ ಜೋರಾಗಿ ಹಾರುತ್ತಿದ್ದರೆ, ಆ ಕಿಡಿಯನ್ನು ತಡೆಯಬೇಕಾದ ಕಂಡೆನ್ಸರ್ ಹೋಗಿದೆ. ಬಿಸಿಯಾದಾಗ ಮಾತ್ರ ಕೈಕೊಡುವುದು ಅದರ ಹಳೇ ಚಾಳಿ. ಪಾಯಿಂಟ್ ಗ್ಯಾಪ್ ಕೂಡ ಮ್ಯಾನುಯಲ್ ನೋಡಿ ಸಂದು ಅಳೆಯುವ ತೆಳು ಪಟ್ಟಿಗಳ ಫೀಲರ್ ಗೇಜ್‌ನಲ್ಲಿ ಹೊಂದಿಸಿ, ಅಂದಾಜಿಗೆ ಬಿಡಬೇಡಿ. ಬೆಂಗಳೂರಿನವರಾದರೆ ಜೆ.ಸಿ. ರಸ್ತೆಯಲ್ಲಿ ಹುಡುಕಿ, ಎರಡು ಕಂಡೆನ್ಸರ್ ತಂದು ಒಂದನ್ನು ಗಾಡಿಯಲ್ಲೇ ಇಟ್ಟಿರಿ. ಈಗ ಬರುವ ಅಗ್ಗದ ಮಾಲಿನ ಮೇಲೆ ನನಗಂತೂ ನಂಬಿಕೆ ಇಲ್ಲ.