ಸ್ಪಿಂಡಲ್ ಆನ್ ಆದ ಕೂಡಲೇ ಅಲಾರಂ 1: ಸೆನ್ಸರ್ ಬದಲಿಸಬೇಕಾ?

ಪ್ರಶ್ನೆ
ಎಲ್ಲರಿಗೂ ನಮಸ್ಕಾರ. ನನ್ನದು 3018 ಸಿಎನ್‌ಸಿ (ಕಂಪ್ಯೂಟರ್ ಹೇಳಿದಂತೆ ಕೆತ್ತುವ) ಮಷೀನ್, ಅದನ್ನು ನಡೆಸೋಕೆ ಅರ್ಡುಯಿನೋ ಊನೋ ಬೋರ್ಡ್, ಅದರಲ್ಲಿ ಜಿಆರ್‌ಬಿಎಲ್ 1.1 ಸಾಫ್ಟ್‌ವೇರ್. ಮೂರೂ ಆಕ್ಸಿಸ್‌ಗೆ ಲಿಮಿಟ್ ಸ್ವಿಚ್ ಆಗಿ ಮೈಕ್ರೋಸ್ವಿಚ್, ನಾರ್ಮಲಿ ಓಪನ್ (ಎನ್‌ಓ, ಒತ್ತಿದಾಗ ಮಾತ್ರ ಕೂಡುವ) ವೈರಿಂಗ್. ಹೋಮಿಂಗ್ (ಸ್ವಿಚ್ ಮುಟ್ಟಿ ಆರಂಭದ ಜಾಗ ಗುರುತಿಸೋದು) ಸರಿಯಾಗೇ ಆಗುತ್ತೆ. ಆದರೆ ಸ್ಪಿಂಡಲ್ (ಕೊರೆಯುವ ಮೋಟರ್) ತಿರುಗಿದರೆ ಸಾಕು, ಬೆಡ್ ಮಧ್ಯದಲ್ಲೇ ಅಲಾರಂ 1 ತೋರಿಸಿ ನಿಂತುಬಿಡುತ್ತೆ. ಯಾವ ಸ್ವಿಚ್ಚೂ ಒತ್ತಿರಲ್ಲ. ಇಂಡಕ್ಟಿವ್ ಸೆನ್ಸರ್ (ಮುಟ್ಟದೇ ಲೋಹ ಗುರುತಿಸೋದು) ಹಾಕಿದರೆ ಸರಿಹೋಗುತ್ತಾ? ಹೆಚ್ಚಾಗಿ ಮರದ ಕೆಲಸ, ಆಗಾಗ ಅಲ್ಯೂಮಿನಿಯಂ.

ಉತ್ತರ
ಸರ್, ದುಡ್ಡು ಹಾಕುವ ಮೊದಲು ವೈರಿಂಗ್ ಬದಲಿಸಿ ನೋಡಿ. ಅಲಾರಂ 1 ಅಂದರೆ ಹಾರ್ಡ್ ಲಿಮಿಟ್, ಲಿಮಿಟ್ ಸ್ವಿಚ್ ಒತ್ತಿದೆ ಅಂತ ಬೋರ್ಡ್ ಅಂದುಕೊಂಡಿದೆ. ಈಗ ಸ್ವಿಚ್ ಓಪನ್ ಇರುವಷ್ಟು ಹೊತ್ತೂ ಪಿನ್ನನ್ನು 5 ವೋಲ್ಟ್‌ಗೆ ಹಿಡಿದಿರೋದು ಚಿಪ್‌ನೊಳಗಿನ 20ರಿಂದ 50 ಕಿಲೋ ಓಮ್‌ನ ಪುಲ್-ಅಪ್ ರೆಸಿಸ್ಟರ್ ಒಂದೇ. ಅದು ತೀರಾ ದುರ್ಬಲ. ಉದ್ದನೆಯ ವೈರು ಸ್ಪಿಂಡಲ್ ಮೋಟರ್‌ನ ನಾಯ್ಸ್ (ವಿದ್ಯುತ್ ಗದ್ದಲ) ಹಿಡಿದುಕೊಂಡರೆ ಒಂದು ಕ್ಷಣದ ಪಲ್ಸ್ ಸಾಕು, ಜಿಆರ್‌ಬಿಎಲ್ ನಿಲ್ಲಿಸಿಬಿಡುತ್ತೆ.

ಅದೇ ಸ್ವಿಚ್‌ನ ಎನ್‌ಸಿ (ನಾರ್ಮಲಿ ಕ್ಲೋಸ್ಡ್, ಒತ್ತಿದಾಗ ಬಿಡುವ) ಕಾಲಿಗೆ ವೈರ್ ಹಾಕಿ, ಜಿಆರ್‌ಬಿಎಲ್‌ಗೆ $5=1 ಸೆಟ್ಟಿಂಗ್ ಕೊಡಿ, ಅದು ಲಿಮಿಟ್ ಪಿನ್ನಿನ ಅರ್ಥ ತಿರುವುಮುರುವು ಮಾಡುತ್ತೆ. ಆಗ ಸ್ವಿಚ್ ಒತ್ತುವವರೆಗೂ ಪಿನ್ ಗ್ರೌಂಡ್‌ಗೆ ಕೂಡಿಕೊಂಡೇ ಇರುತ್ತೆ, ನಾಯ್ಸ್‌ಗೆ ಅದನ್ನು ಮೇಲೆತ್ತೋದು ಕಷ್ಟ. ವೈರು ಕಿತ್ತುಹೋದರೂ ಮಷೀನ್ ನಿಲ್ಲುತ್ತೆ. ಎನ್‌ಓನಲ್ಲಿ ಕಿತ್ತುಹೋಗಿದ್ದೇ ಗೊತ್ತಾಗಲ್ಲ, ಡಿಕ್ಕಿ ಹೊಡೆದ ಮೇಲೆ ತಿಳಿಯುತ್ತೆ. ಜೊತೆಗೆ ಬೋರ್ಡಿನ ಹತ್ತಿರವೇ ಪಿನ್‌ಗೂ ಗ್ರೌಂಡ್‌ಗೂ ನಡುವೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ. ಲಿಮಿಟ್ ವೈರನ್ನು ಸ್ಪಿಂಡಲ್ ವೈರಿನ ಜೊತೆ ಕಟ್ಟಲೇಬೇಡಿ.

ಇನ್ನೊಬ್ಬರ ಉತ್ತರ
ಮೇಲಿನದ್ದು ಸರಿ. ಸೆನ್ಸರ್ ಬಗ್ಗೆ ಕೇಳಿದ್ದಕ್ಕೆ ಹೇಳ್ತೀನಿ: ಅಲ್ಯೂಮಿನಿಯಂ ಕೊರೆಯುವವರು ಇಂಡಕ್ಟಿವ್ ಹಾಕುವಾಗ ಯೋಚಿಸಬೇಕು. ಸೆನ್ಸರ್ ಮುಖದ ಮೇಲೆ ಲೋಹದ ಚೂರು ಅಂಟಿಕೊಂಡರೆ ಅದನ್ನೇ ಟಾರ್ಗೆಟ್ (ಗುರುತಿಸಬೇಕಾದ ಲೋಹ) ಅಂದುಕೊಳ್ಳುತ್ತೆ. ಎಲ್‌ಜೆ12ಎ3-4 ಅನ್ನೋ ಇಂಡಕ್ಟಿವ್ ಸೆನ್ಸರ್ ಗುರುತಿಸುವ 4 ಮಿಮೀ ದೂರ ಕಬ್ಬಿಣಕ್ಕೆ ಮಾತ್ರ, ಅಲ್ಯೂಮಿನಿಯಂಗೆ ಅದರ ಅರ್ಧವೂ ಸಿಗಲ್ಲ. ಹಾಗಾಗಿ ಟಾರ್ಗೆಟ್‌ಗೆ ಕಬ್ಬಿಣದ ಬೋಲ್ಟ್ ಇಡಿ, ಅದು ಸೆನ್ಸರ್‌ಗೆ ಎದುರಾಗಿ ಬರದೆ ಪಕ್ಕದಲ್ಲಿ ಹಾದುಹೋಗಲಿ. ಕೊಳ್ಳುವುದಾದರೆ ಹೆಸರಿನ ಕೊನೆಯಲ್ಲಿ ಎಎಕ್ಸ್ ಇರೋದು ಕೇಳಿ, ಅದು ಎನ್‌ಪಿಎನ್ (ಔಟ್‌ಪುಟ್ಟನ್ನು ಗ್ರೌಂಡ್‌ಗೆ ಎಳೆಯುವ) ಎನ್‌ಸಿ. ಬಿಎಕ್ಸ್ ಅಂದರೆ ಎನ್‌ಓ. 12 ವೋಲ್ಟ್ ಕೊಟ್ಟರೆ ಔಟ್‌ಪುಟ್ಟನ್ನು ನೇರ ಊನೋಗೆ ಕೊಡಬೇಡಿ, ನಡುವೆ ಪಿಸಿ817 ಆಪ್ಟೋಕಪ್ಲರ್ (ಬೆಳಕಿನ ಮೂಲಕ ಸಿಗ್ನಲ್ ದಾಟಿಸುವ ಚಿಪ್) ಇರಲಿ. ಆಪ್ಟಿಕಲ್ ಸೆನ್ಸರ್ (ಬೆಳಕು ತಡೆದಾಗ ಗುರುತಿಸೋದು) ನಿಖರ, ಆದರೆ ಮರದ ಹುಡಿ ಅದರ ಸಂದಿಯಲ್ಲಿ ಕೂರುತ್ತೆ. ನಿಮ್ಮ ಕೆಲಸಕ್ಕೆ ನಾನಾದರೆ ಮೈಕ್ರೋಸ್ವಿಚ್ಚನ್ನೇ ಇಟ್ಟುಕೊಳ್ತೀನಿ.

ಪ್ರಶ್ನೆ ಕೇಳಿದವರು
ಎಕ್ಸ್, ಝಡ್ ಎರಡೂ ಎನ್‌ಸಿ ಮಾಡಿ $5=1 ಕೊಟ್ಟೆ. ವೈ ಸ್ವಿಚ್ ಸದ್ಯಕ್ಕೆ ಬಿಚ್ಚಿಟ್ಟಿದ್ದೀನಿ. ಈಗ ಹೋಮ್ ಮಾಡಿದರೆ ಅಲಾರಂ 8!

ಉತ್ತರ
ಅಲಾರಂ 8 ಅಂದರೆ ಹೋಮಿಂಗ್‌ನಲ್ಲಿ ಹಿಂದೆ ಸರಿದರೂ ಸ್ವಿಚ್ ಬಿಟ್ಟಿಲ್ಲ ಅಂತ. $5 ಮೂರು ಪಿನ್ನಿಗೂ ಒಟ್ಟಿಗೇ ಅನ್ವಯಿಸುತ್ತೆ ಸರ್. ಖಾಲಿ ಇರುವ ವೈ ಪಿನ್ ಒತ್ತಿದ ಸ್ವಿಚ್ ಥರ ಕಾಣುತ್ತಿದೆ. ಪ್ರಶ್ನಾರ್ಥಕ ಚಿಹ್ನೆ ಕಳಿಸಿ ಸ್ಟೇಟಸ್ ನೋಡಿ, ಪಿಎನ್ (ಪಿನ್ನುಗಳ ಸ್ಥಿತಿ) ಮುಂದೆ ವೈ ಅಕ್ಷರ ಇರುತ್ತೆ. ವೈಗೂ ಎನ್‌ಸಿ ಸ್ವಿಚ್ ಹಾಕಿ, ಆಮೇಲೆ ಸ್ಪಿಂಡಲ್ ಓಡಿಸಿ ಅದೇ ಸ್ಟೇಟಸ್ ಮತ್ತೆ ನೋಡಿ. ಎಕ್ಸ್, ವೈ, ಝಡ್ ಯಾವ ಅಕ್ಷರವೂ ಕಾಣಬಾರದು.