ಸಹಾಯ ಬೇಕು: ಬಿಬಿಸಿ ಮೈಕ್ರೋಗೆ ಎಸ್‌ಡಿ ಕಾರ್ಡ್

ಪುಣೆ ಕನ್ನಡಿಗರೆಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಬಿಬಿಸಿ ಮೈಕ್ರೋ ಮಾಡೆಲ್ ಬಿ ಇದೆ. 1984ರಲ್ಲಿ ಶುರುವಾದ, ಶಾಲಾ ಮಕ್ಕಳಿಗೆ ಕಂಪ್ಯೂಟರ್ ಕಲಿಸುವ ಕ್ಲಾಸ್ ಯೋಜನೆಯಲ್ಲಿ ನಮ್ಮ ಶಾಲೆಗಳಿಗೆ ಬಂತಲ್ವಾ, ಅದೇ ಕಂಪ್ಯೂಟರ್. ಪವರ್ ಸಪ್ಲೈಯ ಹಳೇ ಫಿಲ್ಟರ್ ಕೆಪಾಸಿಟರ್‌ಗಳನ್ನು ಬದಲಾಯಿಸಿದ್ದೇನೆ. (ಅವು ಬಿರುಕು ಬಿಟ್ಟು ಹೊಗೆ ಬರುತ್ತದೆ. ಈ ಮೆಷಿನ್ ಇದ್ದವರು ದಯವಿಟ್ಟು ಮೊದಲು ಅದನ್ನೇ ನೋಡಿ.) ಈಗ ಚೆನ್ನಾಗಿ ಓಡುತ್ತಿದೆ.

ಪ್ರೋಗ್ರಾಂಗಳನ್ನು ಇಡಲು ಕ್ಯಾಸೆಟ್ ಬದಲು ಎಸ್‌ಡಿ ಕಾರ್ಡ್ ಹಾಕಬೇಕು ಅಂತ ತುಂಬಾ ಆಸೆ. ಕಾರ್ಡ್ ಯೂಸರ್ ಪೋರ್ಟ್‌ಗೆ (ಹೊರಗಿನ ಸಾಧನ ಜೋಡಿಸುವ ಜಾಗ) ಸೇರುತ್ತದೆ. ಪೋರ್ಟ್ 5 ವೋಲ್ಟ್, ಕಾರ್ಡ್ 3.3 ವೋಲ್ಟ್. ಅದಕ್ಕೆ ನಡುವೆ ವೋಲ್ಟೇಜ್ ಹೊಂದಿಸುವ ಲೆವೆಲ್ ಶಿಫ್ಟರ್ ಹಾಕಿದ್ದೇನೆ. ಬಾಕಿ ಇರುವುದು ಕಂಪ್ಯೂಟರ್ ಕಾರ್ಡನ್ನು ಓದುವಂತೆ ಮಾಡುವ ಎಂಎಂಎಫ್‌ಎಸ್ ಸಾಫ್ಟ್‌ವೇರ್. ಅದನ್ನು ಇಪ್ರಾಮ್ ಚಿಪ್‌ಗೆ (ಅಳಿಸಿ ಮತ್ತೆ ಬರೆಯಬಹುದಾದ ಮೆಮೊರಿ ಚಿಪ್) ಬರೆದು, ಕೀಬೋರ್ಡ್ ಕೆಳಗಿನ ಖಾಲಿ ಸಾಕೆಟ್‌ನಲ್ಲಿ ಕೂರಿಸಬೇಕು. ತೊಡಕು ಇಲ್ಲೇ. ನನ್ನಲ್ಲಿರುವುದು ಹಳೇ 27128 ಇಪ್ರಾಮ್ ಚಿಪ್, ಬರೆಯಲು 21 ವೋಲ್ಟ್ ಬೇಕು. ಈಗಿನ ಅಗ್ಗದ ಪ್ರೋಗ್ರಾಮರ್‌ಗಳಲ್ಲಿ (ಚಿಪ್‌ಗೆ ಬರೆಯುವ ಸಾಧನ) ಹೆಚ್ಚಿನವು ಅಷ್ಟು ಕೊಡುವುದಿಲ್ಲ.

ಬುಧವಾರ ಪೇಠೆಯ ತಪಕೀರ್ ಗಲ್ಲಿಯಲ್ಲಿ ವಿಚಾರಿಸಿದೆ, ಸಿಗಲಿಲ್ಲ. ಯಾರ ಹತ್ತಿರವಾದರೂ ಹಳೇ ಪ್ರೋಗ್ರಾಮರ್ ಇದೆಯಾ? ಅಥವಾ 12.5 ವೋಲ್ಟಿನ 27128ಎ ಚಿಪ್? ಚಿಪ್ ಅಳಿಸಲು ಯುವಿ (ನೇರಳಾತೀತ) ದೀಪವೂ ಇದ್ದರೆ ಇನ್ನೂ ಒಳ್ಳೆಯದು. ಖರ್ಚು ಎಷ್ಟಾದರೂ ಕೊಡುತ್ತೇನೆ. ಕೋಥ್ರೂಡ್, ಹಡಪ್ಸರ್, ಪಿಂಪ್ರಿ, ಎಲ್ಲಿಗೆ ಕರೆದರೂ ನಾನೇ ಬರುತ್ತೇನೆ.