ಎಚ್‌ಎಪ್ರಾಕ್ಸಿ ಅಪ್‌ಗ್ರೇಡ್‌ಗೆ ಮುಂಚೆ ವಿಎಂ ಕಡೆ ಏನೇನು ನೋಡಬೇಕು?

ಪ್ರಶ್ನೆ: ಸರ್, ನಮ್ಮಲ್ಲಿ ಎಚ್‌ಎಪ್ರಾಕ್ಸಿ 2.0 (ಬರುವ ಟ್ರಾಫಿಕ್ಕನ್ನು ಹಿಂದಿನ ಸರ್ವರ್‌ಗಳಿಗೆ ಹಂಚುವ ಸಾಫ್ಟ್‌ವೇರ್) ಓಡ್ತಿದೆ. ಎರಡು ವಿಎಂ (ವರ್ಚುವಲ್ ಮೆಷಿನ್), ಮುಂದೆ ಕೀಪ್‌ಅಲೈವ್ಡ್‌ನ ಒಂದು ವಿಐಪಿ, ಅಂದ್ರೆ ಒಂದು ವಿಎಂ ಬಿದ್ದರೆ ಇನ್ನೊಂದಕ್ಕೆ ಹೋಗುವ ಐಪಿ ವಿಳಾಸ. ಕೆಳಗೆ ವಿಎಂವೇರ್, ಮೂರು ಹೋಸ್ಟ್ (ವಿಎಂಗಳು ಓಡುವ ಭೌತಿಕ ಸರ್ವರ್). ಭಾನುವಾರ ರಾತ್ರಿ 2.8 ಹಾಕಬೇಕು. ಎರಡಕ್ಕೂ ಮೆಮೊರಿ ಸಮೇತ ಸ್ನ್ಯಾಪ್‌ಶಾಟ್ (ವಿಎಂ ಈಗಿರುವ ಸ್ಥಿತಿಯ ಪ್ರತಿ) ತೆಗೆದು, ಒಂದು ವಾರ ಇಟ್ಟುಕೊಳ್ಳೋಣ ಅಂತಿದ್ದೇನೆ. ಸಾಕಾ?

ಉತ್ತರ: ಸಾಲದು. ಪ್ಯಾಕೇಜ್ ಹಾಕೋದು ಐದು ನಿಮಿಷದ ಕೆಲಸ. ಆ ಹೊತ್ತಲ್ಲಿ ಟ್ರಾಫಿಕ್ ಹೊರಬೇಕಾದದ್ದು ನಿಮ್ಮ ಎರಡನೇ ವಿಎಂ. ಅದು ನಿಜವಾಗ್ಲೂ ಹೊರುತ್ತಾ ಅಂತ ಕೊನೇ ಸಲ ನೋಡಿದ್ದು ಯಾವಾಗ? ಶುಕ್ರವಾರ ರಾತ್ರಿಯೇ, ಹಳೇ 2.0 ಇರುವಾಗಲೇ, ಮೊದಲನೇದರಲ್ಲಿ ಕೀಪ್‌ಅಲೈವ್ಡ್ ನಿಲ್ಲಿಸಿ, ಬೇರೆ ವಿಎಲ್‌ಎಎನ್‌ನಿಂದ (ಬೇರೆ ನೆಟ್‌ವರ್ಕ್ ಭಾಗದಿಂದ) ವಿಐಪಿಗೆ ಪಿಂಗ್ ಬಿಟ್ಟು ನೋಡಿ. ಮೂರ್ನಾಲ್ಕು ಪಿಂಗ್ ತಪ್ಪಿದರೆ ಪರವಾಗಿಲ್ಲ. ತಪ್ಪುತ್ತಲೇ ಹೋದರೆ ಭಾನುವಾರದ ಕೆಲಸ ಮುಂದೂಡಿ.

ಒಂದು ಕಡೆ ನಾನು ಹೀಗೇ ಸಿಕ್ಕಿಹಾಕಿಕೊಂಡಿದ್ದೆ. ಎರಡನೇ ವಿಎಂನಲ್ಲಿ ವಿಐಪಿ ಕಣ್ಣಿಗೆ ಕಾಣ್ತಿದೆ, ಲಾಗ್‌ನಲ್ಲಿ ಮಾಸ್ಟರ್ (ವಿಐಪಿ ಹಿಡಿದವನು) ಅಂತ ಬಂದಿದೆ, ಆದರೆ ಹೊರಗಿಂದ ಒಂದು ಪ್ಯಾಕೆಟ್ಟೂ ಮುಟ್ತಿಲ್ಲ. ಅರ್ಧ ಗಂಟೆ ಎಚ್‌ಎಪ್ರಾಕ್ಸಿಯನ್ನೇ ಬೈದೆ. ಕಾರಣ ನೋಡಿದರೆ, ಕೀಪ್‌ಅಲೈವ್ಡ್‌ನಲ್ಲಿ ಯಾರೋ ವರ್ಚುವಲ್ ಮ್ಯಾಕ್ (ನೆಟ್‌ವರ್ಕ್ ಕಾರ್ಡಿನ ಸ್ವಂತದ್ದಲ್ಲದ ಹಾರ್ಡ್‌ವೇರ್ ವಿಳಾಸ) ಹಾಕಿದ್ದರು, 00:00:5ಇ ಅಂತ ಶುರುವಾಗೋದು. ಸ್ಟ್ಯಾಂಡರ್ಡ್ ವಿಸ್ವಿಚ್‌ನ (ಹೋಸ್ಟ್ ಒಳಗಿನ ವರ್ಚುವಲ್ ಸ್ವಿಚ್) ಸೆಟ್ಟಿಂಗ್ ಪ್ರತಿ ಹೋಸ್ಟ್‌ನಲ್ಲೂ ಬೇರೆ ಬೇರೆ ಅಲ್ವಾ? ಆಮೇಲೆ ಸೇರಿಸಿದ ಹೋಸ್ಟ್‌ನಲ್ಲಿ 'ಫೋರ್ಜ್ಡ್ ಟ್ರಾನ್ಸ್‌ಮಿಟ್ಸ್' (ವಿಎಂ ತನ್ನದಲ್ಲದ ಮ್ಯಾಕ್‌ನಿಂದ ಕಳಿಸಬಹುದಾ ಅನ್ನೋ ಸೆಟ್ಟಿಂಗ್) ರಿಜೆಕ್ಟ್‌ನಲ್ಲೇ ಉಳಿದಿತ್ತು. ಆ ಮ್ಯಾಕ್‌ನಿಂದ ಹೊರಟ ಫ್ರೇಮ್ ಎಲ್ಲ ಸ್ವಿಚ್‌ನಲ್ಲೇ ಬಿದ್ದುಹೋಗ್ತಿತ್ತು. ನನ್ನ ಕೇಳಿದರೆ ವಿಎಂ ಒಳಗೆ ವರ್ಚುವಲ್ ಮ್ಯಾಕ್ ಸಹವಾಸವೇ ಬೇಡ. ಸುಮ್ನೆ ಬಿಟ್ಟರೆ ಕೀಪ್‌ಅಲೈವ್ಡ್ ವಿಎಂನ ಸ್ವಂತ ಮ್ಯಾಕ್‌ನಿಂದ ಎಆರ್‌ಪಿ ಸಂದೇಶ ಕಳಿಸಿ, ವಿಐಪಿ ಈಗ ಇಲ್ಲಿದೆ ಅಂತ ಎಲ್ಲರಿಗೂ ಹೇಳುತ್ತೆ.

ಇನ್ನು ಸ್ನ್ಯಾಪ್‌ಶಾಟ್. ಮೆಮೊರಿ ಬೇಡ. ತೆಗೆಯುವಾಗ ವಿಎಂ ಒಂದು ಗಳಿಗೆ ಉಸಿರು ಹಿಡಿಯುತ್ತೆ. ವಿಆರ್‌ಆರ್‌ಪಿ (ಕೀಪ್‌ಅಲೈವ್ಡ್ 'ನಾನಿದ್ದೇನೆ' ಅಂತ ಹೇಳಲು ಬಳಸುವ ಪ್ರೋಟೋಕಾಲ್) ಸೆಕೆಂಡಿಗೊಂದು ಸಂದೇಶ ಕಳಿಸುತ್ತಿದ್ದರೆ, ಮೂರು ತಪ್ಪಿದ ಕೂಡಲೇ ಆ ಕಡೆಯವನು ವಿಐಪಿ ಎತ್ತಿಕೊಳ್ಳುತ್ತಾನೆ. ವಾರಗಟ್ಟಲೆ ಇಡಲೂಬೇಡಿ. 72 ಗಂಟೆ ದಾಟಿಸಬೇಡಿ ಅಂತ ವಿಎಂವೇರ್‌ನವರೇ ಹೇಳ್ತಾರೆ. ಅದಕ್ಕಿಂತ, ಎರಡನೇದನ್ನು ಮೊದಲು 2.8 ಮಾಡಿ, ವಿಐಪಿ ಅಲ್ಲಿಗೆ ತಳ್ಳಿ, ಮೊದಲನೇದನ್ನು ಒಂದು ದಿನ 2.0ನಲ್ಲೇ ಬಿಡಿ. ಏನಾದರೂ ಎಡವಟ್ಟಾದರೆ ಹಿಂದಕ್ಕೆ ಬರಲು ಅದೇ ದಾರಿ. ಕಾನ್ಫಿಗ್ ಫೈಲನ್ನು ಬೇರೊಂದು ವಿಎಂನಲ್ಲಿ 2.8ರ ಬೈನರಿಯಿಂದ ಮೊದಲೇ ಚೆಕ್ ಮಾಡಿಸಿ. ಹಳೇ ಸಾಲುಗಳು ಉಳಿದಿದ್ದರೆ ಅಲ್ಲೇ ಸಿಗುತ್ತವೆ: 'ರೆಕ್‌ರೆಪ್' (ಬರುವ ರಿಕ್ವೆಸ್ಟ್ ತಿದ್ದುವ ಸಾಲು) 2.1ರಲ್ಲೇ ತೆಗೆದಿದ್ದಾರೆ, 'ಎನ್‌ಬಿಪ್ರಾಕ್' (ಎಷ್ಟು ಪ್ರೋಸೆಸ್ ಓಡಬೇಕು ಅನ್ನೋ ಸಾಲು) 2.5ರಲ್ಲಿ ಹೋಯಿತು.

ಪ್ರಶ್ನೆ: ಸರ್, ನೀವು ಹೇಳಿದ ಹಾಗೆ ಕೀಪ್‌ಅಲೈವ್ಡ್ ನಿಲ್ಲಿಸಿ ನೋಡಿದೆ. ನಾಚಿಕೆ ಆಗ್ತಿದೆ, ಎರಡೂ ವಿಎಂ ಒಂದೇ ಹೋಸ್ಟ್‌ನಲ್ಲಿ ಕೂತಿವೆ! ಇನ್ನೊಂದು, ಮೊದಲನೇದನ್ನು ಮತ್ತೆ ಎಬ್ಬಿಸಿದ ತಕ್ಷಣ ವಿಐಪಿ ಕಿತ್ತುಕೊಂಡು ಬಂತು.

ಉತ್ತರ: ನಾಚಿಕೆ ಏನಿಲ್ಲ, ತುಂಬಾ ಕಡೆ ಹೀಗೇ ಇರುತ್ತೆ. ಡಿಆರ್‌ಎಸ್ (ವಿಎಂಗಳನ್ನು ಹೋಸ್ಟ್‌ಗಳಿಗೆ ತಾನೇ ಹಂಚುವ ವಿಎಂವೇರ್ ಸೌಲಭ್ಯ) ಇದ್ದರೆ ಎರಡನ್ನೂ ಬೇರೆ ಬೇರೆ ಇಡುವ ರೂಲ್ ಹಾಕಿ. ಇಲ್ಲದಿದ್ದರೆ ಒಂದನ್ನು ಕೈಯಾರೆ ಬೇರೆ ಹೋಸ್ಟ್‌ಗೆ ಸರಿಸಿ. ಸರಿಸಿದ ಮೇಲೆ ಫೇಲ್‌ಓವರ್ (ವಿಐಪಿ ಇನ್ನೊಂದಕ್ಕೆ ಹೋಗೋದು) ಮತ್ತೆ ಟೆಸ್ಟ್ ಮಾಡಿ, ಯಾಕಂದ್ರೆ ಈಗ ವಿಸ್ವಿಚ್ ಬೇರೆ. ವಿಐಪಿ ಕಿತ್ತುಕೊಳ್ಳೋದನ್ನು ತಡೆಯೋಕೆ ಕೀಪ್‌ಅಲೈವ್ಡ್ ಕಾನ್ಫಿಗ್‌ನಲ್ಲಿ 'ನೋಪ್ರಿಎಂಪ್ಟ್' ಹಾಕಿ. ಆದರೆ ಎರಡೂ ಕಡೆ 'ಸ್ಟೇಟ್' ಅನ್ನೋ ಸಾಲಿನಲ್ಲಿ 'ಬ್ಯಾಕಪ್' ಅಂತಲೇ ಇರಬೇಕು, ಮಾಸ್ಟರ್ ಅಂತ ಬರೆದಿದ್ದರೆ ಅದು ಕೆಲಸ ಮಾಡಲ್ಲ.